ವುಚ್ ಊರಿನಲ್ಲಿ ಬನಹಟ್ಟಿಯ ಅರ್ಧ ತಾಸು

ಬನಹಟ್ಟಿ

2025ರ ಅಕ್ಟೋಬರ್ 1ರಂದು, ಮಹಾನವಮಿಯ ಬೆಳಿಗ್ಗೆ, ಬನಹಟ್ಟಿಯ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಕಂಪ್ಯೂಟರ್‌ಗಳನ್ನು ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಪೂಜೆ ಮಾಡಲಾಯಿತು. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಅವನ್ನು ಯಾರೂ ಮುಟ್ಟಲಿಲ್ಲ. ಅದೇ ದಿನ ಪೋಲೆಂಡಿನ ವುಚ್ ನಗರದಲ್ಲಿ ಈ ತಂಡದ ಇನ್ನರ್ಧ ಭಾಗ ನೆರೆದೇಶದ ಒಂದು ಬಟ್ಟೆ ಗಿರಣಿಗೆ ಹೊಸ ಸಾಫ್ಟ್‌ವೇರ್ ಒಪ್ಪಿಸಬೇಕಿತ್ತು. ಒಪ್ಪಿಸುವ ಮೊದಲು ಅದನ್ನು ಪರೀಕ್ಷಿಸುವ ಯಂತ್ರ ಬನಹಟ್ಟಿಯಲ್ಲಿತ್ತು. ಅದಕ್ಕೂ ಮಾಲೆ ಹಾಕಲಾಗಿತ್ತು.

ಕಚೇರಿ ಇರುವುದು ವಿದ್ಯುತ್ ಮಗ್ಗದ ಶೆಡ್ಡೊಂದರ ಮೇಲಿನ ಕೋಣೆಯಲ್ಲಿ. ಶೆಡ್ಡು ಸುವರ್ಣಾಳ ಮಾವನದು. ಸುವರ್ಣಾ ರಬಕವಿಯ ನೇಕಾರರ ಮನೆಯ ಮಗಳು, ಬನಹಟ್ಟಿಯ ಸೊಸೆ, ಎಂಜಿನಿಯರಿಂಗ್ ಓದಿದವಳು. ಆರು ವರ್ಷಗಳ ಹಿಂದೆ ನೂಲಿನ ಮೂಟೆ ಇಡುತ್ತಿದ್ದ ಆ ಕೋಣೆಯನ್ನು ಖಾಲಿ ಮಾಡಿಸಿ ಮೇಜು ಹಾಕಿಸಿದಳು. ಈಗ ಜಮಖಂಡಿ, ಮುಧೋಳ, ಬೀಳಗಿಯಿಂದ ದಿನಾ ಬರುವವರೂ ಸೇರಿ ಅಲ್ಲಿ ಒಂಬತ್ತು ಜನ ಕೆಲಸ ಮಾಡುತ್ತಾರೆ. ಕೆಳಗೆ ಮಗ್ಗ ಓಡುವಾಗ ಮೇಲಿನ ಮೇಜುಗಳ ಮೇಲೆ ಚಹಾದ ಕಪ್ಪು ನಡುಗುತ್ತದೆ. ಅವರು ಮಾಡುವ ಸಾಫ್ಟ್‌ವೇರ್, ಯುರೋಪಿನ ಸಣ್ಣ ಗಿರಣಿಗಳಲ್ಲಿ ಯಾವ ಯಂತ್ರ ಯಾವಾಗ ನಿಂತಿತು, ಏಕೆ ನಿಂತಿತು ಎಂಬುದನ್ನು ದಾಖಲಿಸುತ್ತದೆ. ಅರ್ಧ ಇಲ್ಲಿ ತಯಾರಾಗುತ್ತದೆ, ಅರ್ಧ ವುಚ್‌ನಲ್ಲಿ. ಕಂಪನಿ ವುಚ್‌ನದು. ಬನಹಟ್ಟಿಯ ಜನ ಮತ್ತು ಕೆಲಸದ ಹೊಣೆ ಸುವರ್ಣಾಳದು.

ಮಗ್ಗದ ಶೆಡ್ಡಿನಲ್ಲಿ ಒಂದು ರೂಢಿಯಿದೆ. ಪಾಳಿ ಬದಲಾಗುವಾಗ ಹೋಗುವವನು ಕೂಡಲೇ ಹೋಗುವುದಿಲ್ಲ. ಬಂದವನ ಪಕ್ಕ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಮಾತು ಇರಲೇಬೇಕೆಂದಿಲ್ಲ, ಇದ್ದರೂ ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಮಗ್ಗ ಹೇಗೆ ಓಡುತ್ತಿದೆ ಎಂದು ಇಬ್ಬರೂ ನೋಡುತ್ತಾರೆ, ಆಮೇಲೆ ಒಬ್ಬ ಹೋಗುತ್ತಾನೆ. ಸುವರ್ಣಾ ಮೊದಲ ವರ್ಷವೇ ವುಚ್‌ನವರಿಗೂ ಇದನ್ನು ಹಚ್ಚಿದಳು. ನಮ್ಮ ಮಧ್ಯಾಹ್ನದ ಚಹಾದ ಹೊತ್ತಿಗೆ, ಅವರ ಬೆಳಗಿನ ಹೊತ್ತಿಗೆ, ಅರ್ಧ ತಾಸು ಎರಡೂ ಕಡೆ ವಿಡಿಯೋ ತೆರೆದಿಡುವುದು. ಸಭೆಯಲ್ಲ, ವಿಷಯಪಟ್ಟಿಯಿಲ್ಲ. ಅವರವರ ಕೆಲಸ ಅವರು ಮಾಡುವುದು, ಕೇಳುವುದಿದ್ದರೆ ತಲೆಯೆತ್ತಿ ಕೇಳುವುದು.

ನವಮಿಯಂದು ಸಾಫ್ಟ್‌ವೇರ್ ಒಪ್ಪಿಸುವುದು ತಪ್ಪಿದ ನಂತರ ಕಂಪನಿಯ ಮಾಲೀಕ ಆ ಅರ್ಧ ತಾಸನ್ನು ನಿಲ್ಲಿಸಿದ. ಇನ್ನು ಮುಂದೆ ಎಲ್ಲ ಪ್ರಶ್ನೆಯೂ ಬರಹದಲ್ಲೇ ಬರಬೇಕು ಎಂದ. ಬೇರೆ ಬೇರೆ ದೇಶಗಳಲ್ಲಿ ಹಂಚಿಹೋದ ತನ್ನ ಮೂರು ಯೋಜನೆಗಳಲ್ಲಿ ಯಾವುದು ಏಕೆ ನಡೆಯುತ್ತದೆ, ಯಾವುದು ಏಕೆ ಕುಂಟುತ್ತದೆ ಎಂದು ಪರಿಶೀಲಿಸಿ, ಮುಂದಿನ ವರ್ಷ ಯಾವುದನ್ನು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುವುದಾಗಿ ತಿಳಿಸಿದ. ಅಕ್ಟೋಬರ್ ಕೊನೆಗೆ ಸುವರ್ಣಾ ವುಚ್‌ಗೆ ಬರಬೇಕು, ಜೊತೆಗೆ ಎರಡೂ ಕಡೆಯವರ ಮಾತನ್ನು ಬರೆದುಕೊಳ್ಳುವ ಹೊರಗಿನವರೊಬ್ಬರು ಬರಬೇಕು ಎಂದೂ ಹೇಳಿದ.

ನಾನು ಜಮಖಂಡಿಯವಳು. ದಿನಪತ್ರಿಕೆಯ ಡೆಸ್ಕಿನಲ್ಲಿ ಬಹಳ ವರ್ಷ ಇದ್ದೆ. ಈ ಕಚೇರಿಯ ಬಗ್ಗೆ ಒಮ್ಮೆ ಬರೆದಿದ್ದೆ. ಸುವರ್ಣಾ ಮನೆಗೆ ಬಂದು ಕೇಳಿದಳು.

"ನನಗ ಸಾಫ್ಟ್‌ವೇರ್ ಅಂದ್ರ ಏನೂ ಗೊತ್ತಿಲ್ಲಲ್ಲವಾ," ಎಂದೆ.

"ಅದಕ್ಕ ನಿಮ್ಮನ್ನ ಕರ್ಯಾಕತ್ತೇನ್ರಿ ಅಕ್ಕಾರ. ಗೊತ್ತಿದ್ದಾವ್ರು ಮೊದಲ ಎಲ್ಲಾ ತಿಳಕೊಂಡ ಬಂದಿರ್ತಾರ. ನೀವು ನಮ್ಮ ಪರ ಬರೀಬ್ಯಾಡ್ರಿ. ಏನ ಆತೋ ಅಷ್ಟ ಬರೀರಿ."

"ನಿಮ್ಮ ವಿರುದ್ಧ ಆದ್ರ?"

"ಹೋದ್ರ ಹೋಗಲಿ ಅನ್ನಾಕ ನನಗ ಬಾಯಿ ಬರೂದಿಲ್ರಿ. ಆ ಕೋಣಿ ನಾ ಕೈಯಾರೆ ಹಚ್ಚೇನಿ. ಆದ್ರ ಸುಳ್ಳ ಬರಿಸಿ ಉಳಿಸ್ಕೊಂಡ್ರ ಎಷ್ಟ ದಿನ ಉಳಿದೀತ್ರಿ?"

ವಾರ್ಸಾ

ವಾರ್ಸಾ ವಿಮಾನ ನಿಲ್ದಾಣದ ಸುಂಕದ ಅಧಿಕಾರಿ ಸಣ್ಣ ವಯಸ್ಸಿನವನು, ಸಭ್ಯ. ಸುವರ್ಣಾಳ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮುಧೋಳದ ಬೆಲ್ಲ ಒಂದೊಂದಾಗಿ ಹೊರಗೆ ಬಂದವು. ಬೆಲ್ಲವನ್ನು ಮೂಸಿ ನೋಡಿ ಹಿಂದಿಟ್ಟ. ಕೊನೆಗೆ ಬಿಳಿ ಬಟ್ಟೆಯ ಒಂದು ಗಂಟು ಸಿಕ್ಕಿತು. ಇದೇನು ಎಂದು ಕೇಳಿದ.

"ಬಂಗಾರ," ಎಂದು ಸುವರ್ಣಾ ಇಂಗ್ಲಿಷಿನಲ್ಲಿ ಹೇಳಿದಳು.

ಅದರ ನಂತರ ನನ್ನ ಚೀಲವನ್ನೂ ಬಿಚ್ಚಿಸಿದರು. ಇನ್ನೊಬ್ಬ ಅಧಿಕಾರಿ ಬಂದ. ಗಂಟು ಬಿಚ್ಚಿದಾಗ ಒಣಗಿದ ಬನ್ನಿ ಎಲೆಗಳು ಮೇಜಿನ ಮೇಲೆ ಬಿದ್ದವು. ದಸರೆಯ ದಿನ ನಮ್ಮ ಕಡೆ ಬನ್ನಿ ಎಲೆಯನ್ನೇ ಬಂಗಾರ ಎನ್ನುತ್ತೇವೆ, ಜಗಳವಾಡಿದವರಿಗೂ ಅಂದು ಹೋಗಿ ಕೊಡಬೇಕು ಎಂದು ಸುವರ್ಣಾ ವಿವರಿಸಿದಳು. ಅಧಿಕಾರಿ ಕೊನೆಯವರೆಗೆ ಕೇಳಿದ. ಆಮೇಲೆ, ಗಿಡದ ಯಾವ ಭಾಗವನ್ನೂ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವಂತಿಲ್ಲ ಎಂದು ಎಲೆಗಳನ್ನು ಒಂದು ಡಬ್ಬಿಗೆ ಹಾಕಿದ. ಬಟ್ಟೆಯನ್ನು ಮಡಚಿ ಹಿಂದಿರುಗಿಸಿದ.

"ವುಚ್‌ನ ಎವಾಗ ಕೊಡಾಕಂತ ತಂದಿದ್ನಿರಿ," ಎಂದಳು ಸುವರ್ಣಾ, ಹೊರಗೆ ಬಂದ ಮೇಲೆ.

"ಎಲಿ ಅಂತ ಹೇಳಬೇಕಿತ್ತಿಲ್ಲ?"

"ಅವ್ವ ಕಲಿಸಿದ್ದ ಬಾಯಿಗೆ ಬಂತ್ರಿ. ಎಲಿ ಅಂದ್ರನೂ ಒಗೀತಿದ್ದ, ಬಿಡ್ರಿ. ಆದ್ರ ನಿಮ್ಮ ಚೀಲ ಉಳೀತಿತ್ತು."

ಎವಾ ವುಚ್ ತಂಡದ ಮುಖ್ಯಸ್ಥೆ. ಆರು ವರ್ಷ ದಿನಾ ಅರ್ಧ ತಾಸು ಸುವರ್ಣಾ ನೋಡಿದ ಮುಖ ಅದು. ಇಬ್ಬರೂ ಒಮ್ಮೆಯೂ ಎದುರುಬದುರು ಭೇಟಿಯಾಗಿರಲಿಲ್ಲ. ನವಮಿಯ ನಂತರ ಎವಾಳಿಂದ ಬರುತ್ತಿದ್ದದ್ದು ಬರೀ ಬರಹ, ಅದೂ ಕೆಲಸದ್ದಷ್ಟೇ.

ವುಚ್, ಸೋಮವಾರ

ನಾವು ಒಂದು ತಾಸು ಮೊದಲೇ ಕಚೇರಿ ತಲುಪಿದೆವು. ತಪ್ಪು ನನ್ನದು. ಆ ದೇಶದಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಎಲ್ಲರೂ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ಇಡುತ್ತಾರೆ. ಸುವರ್ಣಾಳ ಫೋನು ತಾನೇ ಸರಿಮಾಡಿಕೊಂಡಿತ್ತು. ಆದರೆ ಡೆಸ್ಕಿನ ಅಭ್ಯಾಸದಂತೆ ನಾನು ಕೈಗಡಿಯಾರವನ್ನೇ ನಂಬಿ ಅವಳನ್ನು ಎಬ್ಬಿಸಿ ಕರೆದುಕೊಂಡು ಹೋಗಿದ್ದೆ.

ಕಚೇರಿ ಒಂದು ಹಳೆಯ ಹತ್ತಿ ಗಿರಣಿಯಲ್ಲಿದೆ. ಕೆಂಪು ಇಟ್ಟಿಗೆ, ಉದ್ದಕ್ಕೂ ದೊಡ್ಡ ಕಿಟಕಿಗಳು, ಒಂದು ಚಿಮಣಿ. ಊರಿನ ತುಂಬ ಇಂಥ ಗಿರಣಿಗಳಿವೆ. ಈಗ ಅವುಗಳಲ್ಲಿ ಅಂಗಡಿ, ಹೋಟೆಲು, ಮನೆ, ಕಚೇರಿ. ವುಚ್ ಎಂದರೆ ಅವರ ಭಾಷೆಯಲ್ಲಿ ದೋಣಿ ಎಂದು ಅರ್ಥ, ಆದರೆ ಊರಲ್ಲಿ ನದಿ ಕಾಣುವುದಿಲ್ಲ. ಗಿರಣಿಗಳ ಕಾಲದಲ್ಲಿ ನದಿಗಳನ್ನು ನೆಲದಡಿಯ ಕಾಲುವೆಗೆ ಹಾಕಿದರಂತೆ. ಕೃಷ್ಣೆಗೆ ಈ ವರ್ಷ ಎಷ್ಟು ನೀರು ಬಂತು ಎಂದು ಕೇಳುತ್ತಲೇ ಮಾತು ಶುರುಮಾಡುವ ಊರಿನಿಂದ ಹೋದ ನನಗೆ, ಕಾಲಡಿಯಲ್ಲಿ ನದಿ ಹರಿಯುತ್ತಿದೆ ಎಂದು ತಿಳಿದ ಮೇಲೆ ರಸ್ತೆಯನ್ನು ನೋಡುತ್ತ ನಡೆಯುವ ಅಭ್ಯಾಸವಾಯಿತು.

ಬೀದಿಗಳಲ್ಲಿ ಸದ್ದಿಲ್ಲ. ಟ್ರಾಮಿನಲ್ಲಿ ಜನ ಪಕ್ಕಪಕ್ಕ ಕೂತು ಮಾತಾಡುವುದಿಲ್ಲ. ಅದೇ ವಾರ ಮುಧೋಳದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳು ಎರಡೆರಡು ಟ್ರಾಲಿ ಎಳೆದುಕೊಂಡು, ಹಾಡನ್ನು ಜೋರಾಗಿ ಹಚ್ಚಿಕೊಂಡು ಹೋಗಲು ಶುರುಮಾಡಿರುತ್ತವೆ. ಊರಲ್ಲಿದ್ದಾಗ ಆ ಹಾಡನ್ನು ನಾನು ಬೈದವಳೇ. ಟ್ರಾಮಿನಲ್ಲಿ ಅದು ನೆನಪಾಯಿತು.

ಗೇಟಿನ ಹೊರಗೆ ಚಳಿಯಲ್ಲಿ ನಿಂತಿದ್ದೆವು. ಟ್ರಾಮ್ ನಿಲ್ದಾಣದ ಕಡೆಯಿಂದ ಒಬ್ಬ ಹೆಂಗಸು ಕೋಲೂರಿಕೊಂಡು, ಒಂದು ಕಾಲನ್ನು ಸ್ವಲ್ಪ ಎಳೆಯುತ್ತ ಬಂದಳು. ಕುಳ್ಳಗೆ ಇದ್ದಳು. ಹತ್ತಿರ ಬಂದು ಟೊಪ್ಪಿಗೆ ತೆಗೆಯುವವರೆಗೆ ಸುವರ್ಣಾಳಿಗೆ ಗುರುತು ಸಿಗಲಿಲ್ಲ. ಎವಾ ಕೈ ಕುಲುಕಿದಳು, ಪ್ರಯಾಣ ಹೇಗಿತ್ತು ಎಂದು ಕೇಳಿದಳು, ಬಾಗಿಲು ತೆರೆದಳು. ಅಷ್ಟೇ.

ಮೆಟ್ಟಿಲು ಹತ್ತುವಾಗ ಸುವರ್ಣಾ ನನ್ನ ಕಿವಿಯ ಹತ್ತಿರ ಹೇಳಿದಳು: "ಆರು ವರ್ಷದಾಗ ಆಕಿ ನಡೆಯೂದ ನಾ ಒಮ್ಮೆನೂ ನೋಡಿದ್ದಿಲ್ಲ ನೋಡ್ರಿ ಅಕ್ಕಾರ. ಆಕಿ ಮನ್ಯಾಗಿನ ಪರದೆದ ಬಣ್ಣ ಗೊತ್ತೈತಿ. ಯಾವ ಹಲ್ಲ ನೋಯ್ತೈತಿ ಅಂತನೂ ಗೊತ್ತೈತಿ. ಕಾಲ ಗೊತ್ತಿಲ್ಲ."

ಗಿರಣಿಯ ಮೂರನೆಯ ಅಂತಸ್ತು

ಮಂಗಳವಾರ, ಬುಧವಾರ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ. ಈ ಕೆಲಸ ಆರು ವರ್ಷ ಚೆನ್ನಾಗಿ ನಡೆದದ್ದು ಏಕೆ?

ಮಾಲೀಕ ಪಾವೆಲ್ ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಅವನ ಉತ್ತರ ಸ್ಪಷ್ಟವಾಗಿತ್ತು. ಕೆಲಸವನ್ನು ಸರಿಯಾಗಿ ಎರಡು ಹೋಳು ಮಾಡಿದ್ದೇವೆ. ಒಂದು ಹೋಳಿನವರು ಇನ್ನೊಂದಕ್ಕೆ ಕಾಯಬೇಕಿಲ್ಲ. ಎಲ್ಲವೂ ಬರಹದಲ್ಲಿದೆ. ಆಮೇಲೆ ಅವನೇ ಸೇರಿಸಿದ: "ಆದರೆ ನನ್ನ ಇನ್ನೊಂದು ಯೋಜನೆಯಲ್ಲೂ ಇದೆಲ್ಲ ಇದೆ. ಅಲ್ಲಿ ಜಗಳವಿಲ್ಲ, ತಪ್ಪು ತಿಳಿವಳಿಕೆಯಿಲ್ಲ, ಕೆಲಸವೂ ಆಗುವುದಿಲ್ಲ. ಏಕೆಂದು ನನಗೆ ಗೊತ್ತಿಲ್ಲ. ಅದಕ್ಕೇ ನಿಮ್ಮನ್ನು ಕರೆಸಿದ್ದು."

ವುಚ್ ತಂಡದಲ್ಲಿ ಎವಾಳೂ ಸೇರಿ ಆರು ಜನ. ಈ ಜನರಿಗೆ 'ಹೇಗಿದ್ದೀರಿ' ಎಂದು ಸುಮ್ಮನೆ ಕೇಳಬಾರದು, ನಿಜ ಹೇಳುತ್ತಾರೆ. ಒಬ್ಬ ತನ್ನ ಬೆನ್ನುನೋವಿನಿಂದ ಶುರುಮಾಡಿದ. ನಮ್ಮ ಕಡೆ ಮನೆ ಬಿದ್ದರೂ 'ಆರಾಮ ಇದ್ದೀವ್ರಿ' ಎನ್ನುವುದು ರೂಢಿ. ಇದೇ ಮೊದಲ ವರ್ಷ ದೊಡ್ಡ ತೊಡಕಾಗಿತ್ತು ಎಂದು ಅವರಲ್ಲೊಬ್ಬಳು ಹೇಳಿದಳು. ಬನಹಟ್ಟಿಯವರು ಬರಹದಲ್ಲಿ ಎಂದೂ ತೊಂದರೆ ಹೇಳುತ್ತಿರಲಿಲ್ಲ. ವಿಡಿಯೋ ತೆರೆದಿಟ್ಟ ಅರ್ಧ ತಾಸಿನಲ್ಲಿ ಮಾತ್ರ ತಿಳಿಯುತ್ತಿತ್ತು, ಯಾರೋ ಚಹಾ ಆರಲು ಬಿಟ್ಟು ಪರದೆಯನ್ನೇ ನೋಡುತ್ತ ಕೂತಿರುವುದರಿಂದ. ಆಗ ಇವರು ಕೇಳುತ್ತಿದ್ದರು: ಏನಾಯಿತು? ಅವರು ಆಗ ಹೇಳುತ್ತಿದ್ದರು.

"ಈಗ?" ಎಂದೆ.

"ಈಗ ನಾವು ಬರೆದು ಕೇಳುತ್ತೇವೆ. 'ಎಲ್ಲ ಸರಿ ಇದೆ' ಎಂದು ಉತ್ತರ ಬರುತ್ತದೆ."

ಎವಾ ನನ್ನ ಪ್ರಶ್ನೆಗೆ ಉತ್ತರಿಸಲಿಲ್ಲ. ಗುರುವಾರ ತಾನು ಮನೆಯಿಂದ ಕೆಲಸ ಮಾಡುವ ದಿನ, ಇಬ್ಬರೂ ಮಧ್ಯಾಹ್ನ ಊಟಕ್ಕೆ ಬನ್ನಿ, ಅಲ್ಲಿ ಹೇಳುತ್ತೇನೆ ಎಂದಳು.

ಎವಾಳ ಮನೆ

ಬರಿಗೈಯಲ್ಲಿ ಹೋಗುವುದು ಹೇಗೆಂದು ಸುವರ್ಣಾ ದಾರಿಯಲ್ಲಿ ಒಂದು ಸೇವಂತಿಗೆಯ ಕುಂಡ ಕೊಂಡಳು. ಊರ ತುಂಬ ಅಂದು ಸೇವಂತಿಗೆಯೇ. ಹಳದಿ, ಬಿಳಿ, ನೇರಳೆ. ನೋಡಿ ಅವಳ ಮುಖ ಅರಳಿತ್ತು. "ನಮ್ಮೂರ ಹೂವ ನಮಗಿಂತ ಮೊದಲ ಬಂದೈತ್ರಿ," ಎಂದಳು.

ಬಾಗಿಲು ತೆರೆದದ್ದು ಎವಾಳ ತಾಯಿ, ಹಾಲಿನಾ. ಸುವರ್ಣಾ ಕುಂಡವನ್ನು ಮುಂದೆ ಚಾಚಿದಳು, ಅರ್ಧಕ್ಕೆ ತಡೆದಳು. ಅದೇ ಹೊತ್ತಿಗೆ ಆ ಹೆಂಗಸೂ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹೊಸ್ತಿಲ ಮೇಲಿಂದ ಏನನ್ನೂ ಕೊಡಬಾರದು ಎಂಬುದು ನಮ್ಮಲ್ಲಿರುವಂತೆ ಅವರಲ್ಲೂ ಇದೆ, ಹೊಸ್ತಿಲಾಚೆ ನಿಂತು ಕೈ ಕೂಡ ಕುಲುಕುವುದಿಲ್ಲ. ಇದು ಆಮೇಲೆ ತಿಳಿಯಿತು. ಆ ಕ್ಷಣಕ್ಕೆ ಇಬ್ಬರೂ ಒಬ್ಬರಿಗೊಬ್ಬರು 'ನೀವು ಬನ್ನಿ' ಎಂದು ಸನ್ನೆ ಮಾಡುತ್ತ ತಂತಮ್ಮ ಕಡೆಯೇ ನಿಂತಿದ್ದರು. ಒಳಗಿನಿಂದ ಎವಾ ನಗುವುದು ಕೇಳಿಸಿತು. ಆ ಊರಿಗೆ ಹೋದ ಮೇಲೆ ಅವಳ ನಗು ಕೇಳಿದ್ದು ಅದೇ ಮೊದಲು.

ಒಳಗೆ ಬಂದ ಮೇಲೆ ಕುಂಡ ಕೈ ಬದಲಾಯಿಸಿತು. ಸೇವಂತಿಗೆಯನ್ನು ಅಲ್ಲಿ ಸಮಾಧಿಗಷ್ಟೇ ಇಡುತ್ತಾರೆ, ಮನೆಗೆ ಒಯ್ಯುವುದಿಲ್ಲ ಎಂದು ಎವಾ ಹೇಳಿದಾಗ ಸುವರ್ಣಾ ಬಿಳಿಚಿಕೊಂಡಳು. ಹಾಲಿನಾ ಮಗಳ ಕಡೆ ಕೈಬೀಸಿ ಸುಮ್ಮನಿರಿಸಿದಳು. ಶನಿವಾರ ಹೇಗೂ ಗಂಡನ ಸಮಾಧಿಗೆ ಒಯ್ಯಬೇಕಿತ್ತು, ಒಂದು ಕೊಳ್ಳುವುದು ತಪ್ಪಿತು ಎಂದಳಂತೆ. ಬೂಟು ಬಿಚ್ಚಿದ ನಮಗೆ ಮನೆಯೊಳಗೆ ಹಾಕುವ ಚಪ್ಪಲಿ ಕೊಟ್ಟರು. ಬೀಟ್‌ರೂಟಿನ ಸಾರು ಕೊಟ್ಟರು. ಚಹಾಕ್ಕೆ ಹಾಲಿಲ್ಲ, ನಿಂಬೆಹಣ್ಣಿನ ಬಿಲ್ಲೆ.

ಸುವರ್ಣಾಳ ಅತ್ತೆ ಒಂದು ಖಣ ಕಳಿಸಿದ್ದಳು. ಕುಪ್ಪಸದ ಆ ಬಟ್ಟೆಯನ್ನು ಹಾಲಿನಾ ಬಿಚ್ಚಿ, ಮೊದಲು ತಿರುವಿ ಹಿಂಬದಿ ನೋಡಿದಳು. ನೇಕಾರರ ಮನೆಯವರು ಎಲ್ಲ ಕಡೆಯೂ ಹಾಗೇ ನೋಡುತ್ತಾರೆಂದು ಕಾಣುತ್ತದೆ. ಮದುವೆಗೆ ಮೊದಲಿನಿಂದ ಗಿರಣಿ ಮುಚ್ಚುವವರೆಗೂ ಅವಳು ಮಗ್ಗದ ಮೇಲಿದ್ದವಳು. ಅವಳಿದ್ದ ಗಿರಣಿಯಲ್ಲಿ ಈಗ ಸಿನಿಮಾ ಮಂದಿರವಿದೆ.

ಊಟದ ನಂತರ ಎವಾ ನನ್ನ ಪ್ರಶ್ನೆಗೆ ಉತ್ತರಿಸಿದಳು. ಆದರೆ ಸುವರ್ಣಾಳನ್ನು ನೋಡಿ ಮಾತಾಡಿದಳು.

"ತಡವಾದದ್ದಕ್ಕೆ ನನಗೆ ಸಿಟ್ಟಿಲ್ಲ. ಆ ದಿನ ನಿಮ್ಮ ಕಚೇರಿ ತೆರೆದಿತ್ತು. ಎಲ್ಲರೂ ಬಂದಿದ್ದಿರಿ, ಹೊಸ ಬಟ್ಟೆ ಹಾಕಿದ್ದಿರಿ. ಯಂತ್ರಗಳಿಗೆ ಹೂವು ಹಾಕುವುದನ್ನು ಫೋನಿನಲ್ಲಿ ತೋರಿಸಿದಿರಿ. ಕೈಬೀಸಿದಿರಿ, ನಾನೂ ಬೀಸಿದೆ. ನಾನು ಪಾವೆಲ್‌ನ ಕೋಣೆಗೆ ಹೋಗಿ, ಬನಹಟ್ಟಿಯಲ್ಲಿ ಎಲ್ಲ ಸಿದ್ಧವಿದೆ, ಹಬ್ಬ ಮಾಡುತ್ತಿದ್ದಾರೆ ಎಂದೆ. ಆಮೇಲೆ ಆ ಫೋನೂ ಆರಿತು."

"ಅದನ್ನೂ ಪೂಜೆಗೆ ಇಟ್ಟೆವು," ಎಂದಳು ಸುವರ್ಣಾ.

"ಹೌದು. ಪಾವೆಲ್ ಮತ್ತೆ ಮತ್ತೆ ಕೇಳಿದ. ಅವರು ಅಲ್ಲೇ ಇದ್ದಾರೆ, ಈಗಷ್ಟೇ ನೋಡಿದೆ ಎಂದು ನಾನು ಹೇಳುತ್ತಲೇ ಇದ್ದೆ."

"ಪ್ರತಿ ವರ್ಷ ತೋರಿಸಿದ್ದೇವೆ, ಎವಾ. ನಿನಗೆ ಗೊತ್ತು ಎಂದುಕೊಂಡೆ."

"ಪ್ರತಿ ವರ್ಷ ನಾನು ಹೂವು ನೋಡಿದೆ. ಯಂತ್ರ ಆರಿಸಿದ್ದೀರಿ, ಮರುದಿನದವರೆಗೆ ಮುಟ್ಟುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಆರು ವರ್ಷದಲ್ಲಿ ಆ ದಿನ ಒಪ್ಪಿಸುವ ಕೆಲಸ ಒಮ್ಮೆಯೂ ಬಂದಿರಲಿಲ್ಲ, ಹಾಗಾಗಿ ನಾನೂ ಕೇಳಲಿಲ್ಲ."

ಸುವರ್ಣಾ ರಜೆಗಳನ್ನು ತಿಳಿಸುವಾಗ ಅಕ್ಟೋಬರ್ 2ನ್ನು ಬರೆದಿದ್ದಳು. 1ನ್ನು ಬರೆದಿರಲಿಲ್ಲ. ಆ ದಿನ ಎಲ್ಲರೂ ಕಚೇರಿಗೆ ಬರುತ್ತಾರೆ, ಬಾರದಿದ್ದರೆ ತಪ್ಪು. ಬರುವ ದಿನವನ್ನು ರಜೆ ಎಂದು ಬರೆಯಬೇಕೆಂದು ಬನಹಟ್ಟಿಯ ಒಂಬತ್ತು ಜನರಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆಯುತ್ತಿರಲಿಲ್ಲ. ನಮ್ಮ ಪತ್ರಿಕೆಯ ಮುದ್ರಣ ಯಂತ್ರಕ್ಕೂ ಅಂದು ಪೂಜೆ ಇರುತ್ತಿತ್ತು, ಮರುದಿನ ಪತ್ರಿಕೆ ಇರುತ್ತಿರಲಿಲ್ಲ.

ಅಷ್ಟರಲ್ಲಿ ಹಾಲಿನಾ ಮಗಳಿಗೆ ಏನೋ ಹೇಳಿದಳು. ಎವಾ ಮೊದಲು ಅನುವಾದಿಸಲಿಲ್ಲ. ತಾಯಿ ಇನ್ನೊಮ್ಮೆ ಹೇಳಿದಳು.

"ಗುರುವಾರ ನಾನಿಲ್ಲಿ ಕೂತು ವಿಡಿಯೋ ತೆರೆದರೆ ಅಮ್ಮ ಹೊಲಿಗೆ ತಂದು ಪಕ್ಕಕ್ಕೆ ಕೂರುತ್ತಿದ್ದಳು," ಎಂದಳು ಎವಾ. "ನಿಮ್ಮ ಕೆಳಗಿನ ಮಗ್ಗದ ಸದ್ದು ಕೇಳಲಿಕ್ಕೆ. ಈಗ ಕೆಲವು ವಾರದಿಂದ ಇಲ್ಲ. ಮಗ್ಗಗಳು ಓಡುತ್ತಿವೆಯೇ ಎಂದು ಕೇಳುತ್ತಿದ್ದಾಳೆ."

ಸುವರ್ಣಾ ಅಲ್ಲೇ ಅತ್ತೆಗೆ ವಿಡಿಯೋ ಕರೆ ಮಾಡಿದಳು. ಪರದೆಯ ಮೇಲೆ ಮೊದಲು ಬನಹಟ್ಟಿಯ ಒಂದು ಗೋಡೆ, ಆಮೇಲೆ ಅತ್ತೆಯ ಅರ್ಧ ಮುಖ ಕಂಡಿತು.

"ಅತ್ತಿಯಾರ, ಫೋನ ತಗೊಂಡ ಶೆಡ್ಡಿನಾಗ ಹೋಗ್ರಿ. ಇಲ್ಲಿ ಒಬ್ಬರಿಗೆ ಮಗ್ಗದ ಸಪ್ಪಳ ಕೇಳಬೇಕಂತ."

"ಮಗ್ಗ ಎಲ್ಲೈತವ್ವಾ ಈಗ. ಕರೆಂಟ ಹೋಗಿ ಎಷ್ಟೊತ್ತಾತು. ಎಲ್ಲಾರು ಹೊರಗ ಕಟ್ಟಿ ಮ್ಯಾಲ ಕುಂತಾರ." ಆಮೇಲೆ ಫೋನು ಕಣ್ಣಿಗೆ ಹತ್ತಿರ ಬಂತು. "ಆ ಟೊಪಗಿ ಯಾರದು? ಮಂಗ್ಯಾ ಕಂಡಂಗ ಕಾಣಾಕತ್ತೀ."

"ಚಳಿ ಐತ್ರಿ ಇಲ್ಲೆ."

"ಬಾಜೂಕ ಕುಂತಾಕಿ ಯಾರು? ಎವಾನ ಅವ್ವ ಏನು? ನನಗಿಂತ ದೊಡ್ಡಾಕಿ ಕಾಣ್ತಾಳ. ಖಣ ಮನಸ್ಸಿಗೆ ಬಂತೇನ ಕೇಳು. ಮತ್ತ ಕರೆಂಟ ಬಂದ್ರ ನಾನ ಫೋನ ಮಾಡ್ತೇನಂತ ಹೇಳು. ಕಾಯಬ್ಯಾಡ ಅನ್ನು, ಅದು ಯಾವಾಗ ಬರ್ತೈತಿ ಆ ದೇವರಿಗೂ ಗೊತ್ತಿಲ್ಲ."

ಹಾಲಿನಾ ಪರದೆಯ ಹತ್ತಿರ ಬಾಗಿ ಕೇಳಿಸಿಕೊಂಡಳು. ಮಾತು ತಿಳಿಯದಿದ್ದರೂ ಎರಡು ಸಲ ತಲೆಯಾಡಿಸಿದಳು. ನಾವು ಹೊರಡುವವರೆಗೆ ಕರೆಂಟು ಬರಲಿಲ್ಲ.

ಶುಕ್ರವಾರದ ಸಭೆ

ನಾನು ಬರೆದುಕೊಂಡದ್ದನ್ನು ಓದಿ ಹೇಳಿದೆ. ಕೆಲಸವನ್ನು ಸರಿಯಾಗಿ ಹೋಳು ಮಾಡಿದ್ದು ಮುಖ್ಯ ಎಂದು ಎಲ್ಲರೂ ಒಪ್ಪುತ್ತಾರೆ. ಬರಹವೂ ಬೇಕು. ಆದರೆ ಬರಹದಲ್ಲಿ ಒಬ್ಬರು ತೊಂದರೆ ಹೇಳುವುದಿಲ್ಲ, ಇನ್ನೊಬ್ಬರು ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾರೆ. ಆ ಅಂತರವನ್ನು ಆರು ವರ್ಷ ತುಂಬಿದ್ದು ದಿನದ ಅರ್ಧ ತಾಸು. ನವಮಿಯ ತಪ್ಪು ಆ ಅರ್ಧ ತಾಸಿನಿಂದ ಆದದ್ದಲ್ಲ. ಎದುರಿಗೆ ಕಂಡದ್ದೆಲ್ಲ ಎದುರಿನವರಿಗೆ ತಿಳಿದಿದೆ ಎಂದು ಎರಡೂ ಕಡೆಯವರು ಭಾವಿಸಿದ್ದರಿಂದ ಆದದ್ದು. ಹಬ್ಬಗಳ ಪಟ್ಟಿಯಲ್ಲಿ ಕಚೇರಿ ತೆರೆದಿರುತ್ತದೆಯೇ ಎಂಬುದರ ಜೊತೆಗೆ ಯಂತ್ರ ಓಡುತ್ತದೆಯೇ ಎಂಬುದನ್ನೂ ಬರೆಯಬೇಕು. ವಿಡಿಯೋವನ್ನು ಮತ್ತೆ ತೆರೆಯಬೇಕು. ಎರಡೂ ತಂಡದವರು ಇದನ್ನೇ ಕೇಳುತ್ತಿದ್ದಾರೆ.

ಪಾವೆಲ್ ಗಮನವಿಟ್ಟು ಕೇಳಿದ. ಒಂದೇ ಒಂದು ಪ್ರಶ್ನೆ ಕೇಳಿದ.

"ಎರಡೂ ತಂಡ ಒಂದೇ ಊರಿನಲ್ಲಿದ್ದಿದ್ದರೆ ಈ ಅರ್ಧ ತಾಸು ಬೇಕಾಗುತ್ತಿತ್ತೇ?"

ನಾನು ಸುವರ್ಣಾಳ ಕಡೆ ನೋಡಲಿಲ್ಲ. "ಬೇಕಾಗುತ್ತಿರಲಿಲ್ಲ," ಎಂದೆ.

ಅವನು ಅದನ್ನು ಬರೆದುಕೊಂಡ.

ಟ್ರಾಮ್ ಹತ್ತಿದ ಮೇಲೆ ಸುವರ್ಣಾ ಕೇಳಿದಳು: "ಹೋತೇನ್ರಿ ನಮ್ಮದು?"

"ಗೊತ್ತಿಲ್ಲವಾ."

"ನೀವು ಹೇಳಿದ್ದು ಖರೆ ಐತ್ರಿ. ನಾನಾದ್ರೂ ಅದನ್ನ ಹೇಳ್ತಿದ್ನಿ. ಸ್ವಲ್ಪ ತಡದ ಹೇಳ್ತಿದ್ನಿ, ಅಷ್ಟ."

ನವೆಂಬರ್ 1

ಅಂದು ಪೋಲೆಂಡಿನಲ್ಲಿ ಸತ್ತವರನ್ನು ನೆನೆಯುವ ಹಬ್ಬ. ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತದೆ. ಮುದುಕರು, ಮಕ್ಕಳು, ತಳ್ಳುಗಾಡಿಯಲ್ಲಿ ಕೂಸುಗಳು. ಎಲ್ಲರ ಕೈಯಲ್ಲೂ ಗಾಜಿನ ಮುಚ್ಚಳದ ದೀಪ, ಸೇವಂತಿಗೆ. ಟ್ರಾಮಿನಲ್ಲಿ ಅಂದು ನಿಲ್ಲಲೂ ಜಾಗವಿರಲಿಲ್ಲ, ಆದರೂ ಮಾತಿರಲಿಲ್ಲ.

ಎವಾ ಮತ್ತು ಹಾಲಿನಾ ನಮ್ಮನ್ನು ಕರೆದುಕೊಂಡು ಹೋದರು. ಎವಾಳ ತಂದೆಯ ಸಮಾಧಿಯನ್ನು ಬ್ರಷ್ಷಿನಿಂದ ಉಜ್ಜಿ, ಎಲೆ ಗುಡಿಸಿ, ಸುವರ್ಣಾ ತಂದಿದ್ದ ಕುಂಡವನ್ನು ಇಟ್ಟರು. ನಂತರ ಪಕ್ಕದ, ಯಾರೂ ಬಾರದ ಒಂದು ಸಮಾಧಿಗೂ ಹಾಲಿನಾ ಒಂದು ದೀಪ ಹಚ್ಚಿದಳು. ಯಾರದೆಂದು ತನಗೂ ಗೊತ್ತಿಲ್ಲ, ಪ್ರತಿ ವರ್ಷ ಹಚ್ಚುತ್ತೇನೆ ಎಂದಳು. ನಾವೂ ಹೂಳುವ ಮಂದಿ. ನನ್ನ ತಂದೆಯ ಸಮಾಧಿ ನಮ್ಮೂರ ಹತ್ತಿರದ ತುಬಚಿ ಕಡೆಯ ಹೊಲದಲ್ಲಿದೆ. ಹೊಲ ಈಗ ಬೇರೆಯವರದು. ಸುತ್ತ ಕಬ್ಬು ಬೆಳೆದಿರುತ್ತದೆ, ಕಡಿಯುವವರೆಗೆ ಸಮಾಧಿ ಕಾಣುವುದಿಲ್ಲ. ಹೋಗಿ ಕೆಲವು ವರ್ಷವಾಯಿತು. ಹಾಲಿನಾ ನನ್ನ ಕೈಗೂ ಒಂದು ದೀಪ ಕೊಟ್ಟಳು. ಎಲ್ಲಿಡಲಿ ಎಂದು ಕೇಳಿದೆ. ಸ್ಮಶಾನದ ನಡುವೆ ಒಂದು ಶಿಲುಬೆಯಿದೆ, ದೂರದಲ್ಲಿ ಸಮಾಧಿ ಇರುವವರು ಅಲ್ಲಿಡುತ್ತಾರೆ ಎಂದು ಎವಾ ತೋರಿಸಿದಳು. ಅಲ್ಲಿ ಆಗಲೇ ನೂರಾರು ದೀಪಗಳಿದ್ದವು. ನನ್ನದನ್ನೂ ಇಟ್ಟೆ.

ಗೇಟಿನ ಹೊರಗೆ ಬಂದ ಮೇಲೆ ಸುವರ್ಣಾ ನಿಂತಳು. ವಾರ್ಸಾದಲ್ಲಿ ಹೋದ ಎಲೆಗಳ ವಿಷಯ ಎವಾಳಿಗೆ ಹೇಳಿದಳು. ನಮ್ಮೂರಲ್ಲಿ ಆ ಎಲೆ ಕೊಟ್ಟು ಏನು ಹೇಳುತ್ತಾರೆಂಬುದನ್ನೂ ಹೇಳಿದಳು. ಎವಾ ಸುತ್ತ ನೋಡಿದಳು. ಟ್ರಾಮ್ ನಿಲ್ದಾಣದ ಮರದ ಎಲೆಗಳು ಹಳದಿಯಾಗಿದ್ದವು. ಕೋಲನ್ನು ತಾಯಿಯ ಕೈಗೆ ಕೊಟ್ಟು, ಒಂದು ಕೊಂಬೆ ಬಗ್ಗಿಸಿ, ಎರಡು ಎಲೆ ಹರಿದು ಒಂದನ್ನು ಸುವರ್ಣಾಳ ಕೈಗಿಟ್ಟಳು.

"ಬನ್ನಿ ತಗೊಂಡ ಬಂಗಾರದಂಗ ಇರೋಣು," ಎಂದಳು ಸುವರ್ಣಾ.

ಎವಾ ಅದನ್ನು ಹಾಗೇ ಹೇಳಲು ಹೋಗಿ ಮೂರು ಸಲ ತಪ್ಪಿದಳು. ಸುವರ್ಣಾ ತಿದ್ದಲಿಲ್ಲ. ಟ್ರಾಮ್ ಬಂದಿತು, ಇಬ್ಬರೂ ಹತ್ತಲಿಲ್ಲ. ಮುಂದಿನದನ್ನೂ ಹತ್ತಲಿಲ್ಲ.

ಜಮಖಂಡಿ

ಊರಿಗೆ ಬಂದು ವರದಿ ಬರೆದು ಕಳಿಸಿದೆ. ಪಾವೆಲ್‌ನ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಅದರಲ್ಲಿ ಸೇರಿಸಿದ್ದೆ.

ಜನವರಿಯಲ್ಲಿ ಕಂಪನಿಯ ತೀರ್ಮಾನ ಬಂತು. ಜಗಳವೂ ಇಲ್ಲದ, ಕೆಲಸವೂ ಆಗದ ಆ ಇನ್ನೊಂದು ದೇಶದ ಯೋಜನೆಯನ್ನು ಮುಚ್ಚಲಾಗಿದೆ. ಗಿರಣಿ ಸಾಫ್ಟ್‌ವೇರಿನ ಕೆಲಸ ಮುಂದುವರಿಯುತ್ತದೆ, ಆದರೆ ಏಪ್ರಿಲ್‌ನಿಂದ ಒಂದೇ ಊರಿನಲ್ಲಿ ನಡೆಯುತ್ತದೆ. ಆ ಊರು ಬನಹಟ್ಟಿ. ವುಚ್ ತಂಡದ ಆರು ಜನರಿಗೆ ಮಾರ್ಚ್ ಕೊನೆಯವರೆಗೆ ಕೆಲಸವಿದೆ. ಅವರ ಜಾಗಕ್ಕೆ ಆರು ಜನರನ್ನು ಸುವರ್ಣಾ ಆರಿಸಿಕೊಳ್ಳಬಹುದು.

ಪತ್ರ ಬಂದ ದಿನ ಸುವರ್ಣಾ ನನಗೆ ಫೋನು ಮಾಡಿದಳು. "ಉಳೀತ್ರಿ ಅಕ್ಕಾರ," ಎಂದಳು. ಆಮೇಲೆ ಫೋನಿನಲ್ಲಿ ಮಗ್ಗದ ಸದ್ದಷ್ಟೇ ಇತ್ತು.

ಜಮಖಂಡಿ, ಮುಧೋಳಗಳಿಂದ ಅರ್ಜಿಗಳು ಬಂದವು. ಫೆಬ್ರುವರಿಯ ಎರಡನೇ ವಾರದ ಹೊತ್ತಿಗೆ ಐದು ಜನರನ್ನು ಆರಿಸಲಾಯಿತು. ಆರನೆಯ ಹುದ್ದೆಯನ್ನು ವುಚ್‌ನಲ್ಲೇ ತುಂಬಲು, ಅದಕ್ಕೆ ಎವಾಳನ್ನು ತೆಗೆದುಕೊಳ್ಳಲು ಅನುಮತಿ ಬೇಕೆಂದು ಸುವರ್ಣಾ ಪಾವೆಲ್‌ಗೆ ಬರೆದಳು. ಒಪ್ಪಿದರೆ ಎವಾ ಬನಹಟ್ಟಿ ಕಚೇರಿಯ ನೌಕರಳಾಗಿ ತನ್ನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಎವಾ ಒಪ್ಪಿದ್ದಾಳೆ. ಇದನ್ನು ಬರೆದು ಮುಗಿಸುವ ಹೊತ್ತಿಗೆ ಪಾವೆಲ್‌ನಿಂದ ಉತ್ತರ ಬಂದಿಲ್ಲ.